ಐವತ್ತೆರಡು ಸೆಕೆಂಡು

ತೇಜು ಸತ್ತ ಮೂರನೆಯ ತಿಂಗಳಲ್ಲಿ, ಜೂನಿನ ಒಂದು ಶನಿವಾರ ಮಧ್ಯಾಹ್ನ, ಅವಳ ಕಾಲೇಜಿನ ಗೆಳತಿ ಕಯಲ್ವಿಳಿ ಮೈಲಾಪೂರಿನ ಆ ಹಳೆಯ ಫ್ಲಾಟಿನ ಮೂರು ಮಹಡಿ ಹತ್ತಿ ಬಂದಳು. ಕಾಲೇಜಿನಲ್ಲೇ ಉಳಿದುಹೋಗಿದ್ದ ತೇಜುವಿನ ಲ್ಯಾಬ್ ಕೋಟು, ಎರಡು ರೆಕಾರ್ಡ್ ಪುಸ್ತಕ, ಒಂದು ಕೊಡೆ, ಇಷ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ತಂದಿದ್ದಳು. ತೇಜುವಿನ ಅಪ್ಪ ಜಯರಾಮ ಬಾಗಿಲು ತೆಗೆದ. ಅಮ್ಮ ಸರ್ವಮಂಗಳ ಒಳಗಿಂದ ಬಂದು ಚೀಲ ಇಸಕೊಂಡಳು. ಕೋಟನ್ನು ತೆಗೆದು ಮೂಗಿಗೆ ಹಿಡಿದಳು. ಯಾರೋ ಪುಣ್ಯಾತ್ಮರು ಅದನ್ನು ಒಗೆದು ಇಸ್ತ್ರಿ ಮಾಡಿಬಿಟ್ಟಿದ್ದರು. ಮತ್ತೆ ಮಡಿಚಿ ಚೀಲದೊಳಗೇ ಇಟ್ಟಳು.

ಹುಡುಗಿ ಕುರ್ಚಿಯ ತುದಿಯಲ್ಲಿ ಕೂತು ತಮಿಳಿನಲ್ಲಿ ಮಾತಾಡಿತು. ಹೇಳಬೇಕೋ ಬೇಡವೋ ಎನ್ನುವ ಹಾಗೆ ನೆಲ ನೋಡುತ್ತ, ಕಾಲೇಜಿನ ಸಮಾರಂಭದಲ್ಲಿ ತೇಜು ಮಾತಾಡಿದ ವಿಡಿಯೋವನ್ನು ಆಂಟಿ ನೋಡಿದ್ದಾರೆಯೇ ಎಂದು ಕೇಳಿತು. ಇಲ್ಲ ಎಂದಳು ಸರ್ವಮಂಗಳ. ಆಗ ಅವಳು ತಂಗಿಯ ಬಾಣಂತನಕ್ಕೆಂದು ಮದ್ದೂರಿಗೆ ಹೋಗಿದ್ದಳು. ಅಲ್ಲಿಂದ ವಾಪಸು ಬಂದದ್ದು ಮಗಳ ಹೆಣ ನೋಡುವುದಕ್ಕೆ. ಆಮೇಲೆ ಪಕ್ಕದ ಮನೆಯವರ ಕೈಕಾಲು ಹಿಡಿದು ಇಂಟರ್‌ನೆಟ್ಟಿನಲ್ಲಿ ಹುಡುಕಿಸಿದಾಗ ವಿಡಿಯೋ ಇದ್ದ ಜಾಗದಲ್ಲಿ ಏನೂ ಇರಲಿಲ್ಲ.

ಅದನ್ನು ಹಾಕಿದ್ದೂ ತಾನೇ, ತೆಗೆದುಹಾಕಿದ್ದೂ ತಾನೇ ಎಂದಳು ಕಯಲ್ವಿಳಿ. ತೇಜು ಹೋದ ಮೇಲೆ ಯಾರು ಯಾರೋ ಆ ವಿಡಿಯೋದ ಕೆಳಗೆ ಬರೆಯಲು ಶುರುಮಾಡಿದರಂತೆ. ಅಯ್ಯೋ ಪಾಪ ಎಂದವರು ಕೆಲವರು, ಅವಳ ಮೈಕಟ್ಟಿನ ಬಗ್ಗೆ ಬರೆದವರು ಕೆಲವರು. ಸತ್ತವಳ ಬಗ್ಗೆ ಹೀಗೆಲ್ಲ ಬರೆಯುತ್ತಾರಲ್ಲ ಎಂದು ತಡೆಯಲಾರದೆ ಒಂದು ದಿನ ಅಳಿಸಿಬಿಟ್ಟಳು. ಕ್ಯಾಮೆರಾ ಅವಳ ಚಿಕ್ಕಪ್ಪನ ಮಗನದು. ಅದರ ಕಾರ್ಡಿನ ಮೇಲೆ ಅವನು ಯಾವುದೋ ಮದುವೆ ಚಿತ್ರಗಳನ್ನು ತುಂಬಿಸಿಕೊಂಡಿದ್ದ. ಆದ್ದರಿಂದ ಈಗ ಅದು ಯಾರ ಹತ್ತಿರವೂ ಇಲ್ಲ.

'ಅದರಲ್ಲಿ ಅವ್ಳು ಏನು ಹೇಳಿದ್ಲು?' ಎಂದು ಸರ್ವಮಂಗಳ ತಮಿಳಿನಲ್ಲೇ ಕೇಳಿದಳು.

ಗೊತ್ತಿಲ್ಲ ಎಂದಳು ಹುಡುಗಿ. ಮೊದಲು ಸ್ವಲ್ಪ ತಮಿಳಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದಳು, ಆಮೇಲೆ ಮೂರು ನಿಮಿಷ ಪೂರ್ತಿ ನಿಮ್ಮ ಭಾಷೆ. ನಾನೂರು ಜನ ಕೂತಿದ್ದ ಹಾಲಿನಲ್ಲಿ ಒಬ್ಬರಿಗೂ ಅರ್ಥವಾಗಲಿಲ್ಲ. ಮೊದಲು ಹಿಂದಿನ ಸಾಲಿನ ಹುಡುಗರು ಕೂಗು ಹಾಕಿದರು, ಆಮೇಲೆ ಅವಳ ಮುಖ ನೋಡಿ ಅವರೂ ಸುಮ್ಮನಾದರು. ವೇದಿಕೆಯಿಂದ ಇಳಿದ ಮೇಲೆ ಏನೇ ಅದು ಎಂದು ಕೇಳಿದರೆ, ಅಪ್ಪನಿಗೆ ಹೇಳಿದ್ದು, ಮೊದಲು ಅವರು ಕೇಳಲಿ, ಆಮೇಲೆ ನಿನಗೆ ಹೇಳುತ್ತೇನೆ ಎಂದಳಂತೆ. ಇಷ್ಟು ಹೇಳಿ ಕಯಲ್ವಿಳಿ ಜಯರಾಮನ ಕಡೆ ತಿರುಗಿ, 'ಅಂಕಲ್ ಪೂರ್ತಿ ನೋಡಿದ್ರಂತಲ್ಲ, ಅವಳೇ ಹೇಳಿದ್ಲು. ನನಗೆ ಮಾತ್ರ ಆಮೇಲೂ ಹೇಳ್ಲಿಲ್ಲ' ಎಂದಳು.

ಇಬ್ಬರು ಹೆಂಗಸರೂ ಅವನ ಮುಖವನ್ನೇ ನೋಡಿದರು.

'ಹೂಂ, ನೋಡ್ದೆ' ಎಂದ ಜಯರಾಮ. 'ಊರಿನ ವಿಷಯ ಏನೋ ಹೇಳಿದ್ಲು. ಚೆನ್ನಾಗಿ ಮಾತಾಡಿದ್ಲು. ಈಗ ಸರಿಯಾಗಿ ನೆನಪಿಗೆ ಬರ್ತಿಲ್ಲ.'

ಜಯರಾಮ ಅದನ್ನು ನೋಡಿರಲಿಲ್ಲ. ಅರ್ಧ ನಿಮಿಷ ನೋಡಿ ಮುಚ್ಚಿದ್ದ. ಪೂರ್ತಿ ನೋಡಿದೆ ಎಂದು ಮಗಳಿಗೆ ಸುಳ್ಳು ಹೇಳಿದ್ದ. ಮಗಳು ಆ ಸುಳ್ಳನ್ನು ನಂಬಿಕೊಂಡೇ ಹೋಗಿಬಿಟ್ಟಳು.

ಅವನು ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಿದ್ದರೆ ಇಷ್ಟು ಹೊತ್ತಿಗೆ ಮರೆತು ಹಾಯಾಗಿರುತ್ತಿದ್ದ. ಹದಿನಾರು ವರ್ಷದ ಹಿಂದೆ ಸಿಮೆಂಟು ಕಂಪನಿಯೊಂದರ ಗುಣಪರೀಕ್ಷೆ ವಿಭಾಗಕ್ಕೆ ವರ್ಗವಾಗಿ ಮದ್ದೂರಿನ ಕಡೆಯಿಂದ ಚೆನ್ನೈಗೆ ಬಂದಾಗ ತೇಜುವಿಗೆ ನಾಲ್ಕು ವರ್ಷ. ಎರಡು ವರ್ಷ ಕಳೆಯುವಷ್ಟರಲ್ಲಿ ಮಗು ನಿದ್ದೆಯಲ್ಲಿ ಕನವರಿಸುವುದೂ ತಮಿಳಿನಲ್ಲೇ ಎನ್ನುವ ಹಾಗಾಯಿತು. ಆ ಬೇಸಿಗೆಯಲ್ಲಿ ಜಯರಾಮನ ತಾಯಿ ಚಿಕ್ಕತಾಯಮ್ಮ ಬಂದಿದ್ದರು. ಮೊಮ್ಮಗಳು ಅಜ್ಜಿಯ ತೊಡೆಯ ಮೇಲೆ ಕೂತು ಕೈ ಆಡಿಸುತ್ತ ಅರ್ಧ ಗಂಟೆ ಏನೋ ಕಥೆ ಹೇಳಿತು. ಮುದುಕಿ ಕೊನೆಯವರೆಗೂ ಹೂಂಗುಟ್ಟಿದರು. ಆಮೇಲೆ ಅಡುಗೆಮನೆಗೆ ಬಂದು ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ನನ್ನ ಮಗನ ಮಗಳು ಹೇಳಿದ್ದು ನನಗೆ ಒಂದಕ್ಷರ ತಿಳಿಯದೇ ಹೋಯಿತಲ್ಲಪ್ಪ ಎಂದರು. ಅವತ್ತೇ ಜಯರಾಮ ಒಂದು ಕಾನೂನು ಮಾಡಿದ. ಮನೆಯೊಳಗೆ ಕನ್ನಡ. ತಮಿಳಿನಲ್ಲಿ ಹೇಳಿದ್ದಕ್ಕೆ ಅವನಿಂದ ಉತ್ತರವಿಲ್ಲ.

ಕಾನೂನು ಮಾಡುವುದು ಯಾರಿಗೆ ಬೇಕಾದರೂ ಬರುತ್ತದೆ. ಜಯರಾಮನಿಗೆ ಅದನ್ನು ಚಾಚೂ ತಪ್ಪದೆ ನಡೆಸುವುದೂ ಬರುತ್ತಿತ್ತು, ಅದೇ ಗ್ರಹಚಾರ. ಮಗು ಮಂಡಿ ತರಚಿಕೊಂಡು ಓಡಿ ಬಂದು ತಮಿಳಿನಲ್ಲಿ ಅತ್ತರೆ ಇವನು ಪೇಪರಿನಿಂದ ತಲೆಯೆತ್ತುತ್ತಿರಲಿಲ್ಲ. ಅದು ಬಿಕ್ಕುತ್ತ ಬಿಕ್ಕುತ್ತ 'ಅಪ್ಪ, ನೋವು' ಎಂಬ ಎರಡು ಪದ ಹುಡುಕಿಕೊಂಡ ಮೇಲೆಯೇ ಎತ್ತಿಕೊಳ್ಳುತ್ತಿದ್ದ. ಇದರಿಂದ ತೇಜು ಕನ್ನಡ ಕಲಿತಳೇ ಎಂದರೆ, ಕಲಿತಳು. ಅಪ್ಪನ ಹತ್ತಿರ ಬರುವಾಗ ಒಂದೆರಡು ವಾಕ್ಯ ತಯಾರು ಮಾಡಿಕೊಂಡು ಬರುವುದನ್ನು ಕಲಿತಳು. ಅಪ್ಪ, ಇಲ್ಲಿ ಸೈನ್ ಹಾಕಿ. ಅಪ್ಪ, ನಾಳೆ ಬೇಗ ಎಬ್ಬಿಸಿ. ಮಿಕ್ಕ ಮಾತೆಲ್ಲ ಅಡುಗೆಮನೆಯಲ್ಲಿ, ಅಮ್ಮನ ಜೊತೆ, ಅರ್ಧ ತಮಿಳು ಅರ್ಧ ಕನ್ನಡ. ಅಮ್ಮನೂ ಕದ್ದು ಅದೇ ಕಲಸುಮೇಲೋಗರದಲ್ಲಿ ಉತ್ತರ ಕೊಡುತ್ತಿದ್ದಳು. ಅಲ್ಲಿಂದ ನಗು ಕೇಳಿಸುತ್ತಿತ್ತು. ಜಯರಾಮ ನೀರು ಕುಡಿಯಲು ಒಳಗೆ ಹೋದರೆ ನಗು ನಿಲ್ಲುತ್ತಿತ್ತು. ಅದನ್ನು ಅವನು ತನ್ನ ಮೇಲಿನ ಗೌರವ ಎಂದುಕೊಂಡಿದ್ದ. ಇಂಥ ಶಿಸ್ತಿನ ಮನುಷ್ಯ ಮನೆಯಲ್ಲಿದ್ದರೆ ಮನೆಯವರಿಗೆ ಹೆಮ್ಮೆ ಇರುತ್ತದೆ, ನೆಮ್ಮದಿ ಇರುವುದಿಲ್ಲ.

ಅವನ ಕಸುಬೂ ಇದಕ್ಕೆ ತಕ್ಕಂತೆಯೇ ಇತ್ತು. ಲಾರಿಗಟ್ಟಲೆ ಸಿಮೆಂಟು ಬಂದರೆ ಒಂದು ಮೂಟೆಗೆ ಕೈ ಹಾಕಿ, ಹಿಡಿಯಷ್ಟು ತೆಗೆದು, ಬೆರಳಲ್ಲಿ ಉಜ್ಜಿ, ಇಡೀ ಲಾರಿಯನ್ನು ಒಳಗೆ ಬಿಡಬೇಕೋ ವಾಪಸು ಕಳಿಸಬೇಕೋ ಎಂದು ಹೇಳಿಬಿಡುತ್ತಿದ್ದ. ಆಮೇಲೆ ಯಂತ್ರದಲ್ಲಿ ಪರೀಕ್ಷೆ ಮಾಡಿದರೂ ಅವನು ಹೇಳಿದ್ದೇ ನಿಜವಾಗಿರುತ್ತಿತ್ತು. ಇಪ್ಪತ್ತೈದು ವರ್ಷ ಹೀಗೇ ನಡೆದು ಬಂದದ್ದರಿಂದ ಯಾವುದನ್ನೂ ಪೂರ್ತಿ ನೋಡುವ ಅಗತ್ಯವಿಲ್ಲ ಎಂಬುದು ಅವನಿಗೆ ಅಭ್ಯಾಸವಾಗಿ ಹೋಗಿತ್ತು. ಪೇಪರನ್ನು ತಲೆಬರಹದಲ್ಲೇ ಓದಿ ಮುಗಿಸುತ್ತಿದ್ದ. ಎದುರಿಗಿದ್ದವರ ಮಾತನ್ನು ಮೊದಲ ವಾಕ್ಯಕ್ಕೇ ಅಳೆದು ಮುಗಿಸುತ್ತಿದ್ದ.

ಆವತ್ತು ಎರಡು ಸಾವಿರದ ಏಳರ ಫೆಬ್ರವರಿ ಕೊನೆಯ ಭಾನುವಾರ. ಸರ್ವಮಂಗಳ ಮದ್ದೂರಿಗೆ ಹೋಗಿ ಹತ್ತು ದಿನವಾಗಿತ್ತು. ಮನೆಯಲ್ಲಿ ಅಪ್ಪ ಮಗಳು ಇಬ್ಬರೇ. ತೇಜು ಸಾರು ಮಾಡುತ್ತಿದ್ದಳು, ಇವನು ಅನ್ನಕ್ಕಿಡುತ್ತಿದ್ದ, ಇಬ್ಬರೂ ಟೀವಿಗೆ ಮುಖ ಮಾಡಿ ಉಣ್ಣುತ್ತಿದ್ದರು. ಆ ಬೆಳಿಗ್ಗೆ ಅವಳು ಅವನ ಕುರ್ಚಿಯ ಹಿಂದೆ ಬಂದು ನಿಂತು, ಬಾಯಿಪಾಠ ಒಪ್ಪಿಸುವ ಹಾಗೆ ಹೇಳಿದಳು. 'ಅಪ್ಪ, ನಿಮ್ಮ ಮೇಲ್‌ಗೆ ಒಂದು ಲಿಂಕ್ ಕಳಿಸಿದೀನಿ. ನಾನು ಕಾಲೇಜಲ್ಲಿ ಮಾತಾಡಿದ್ದು. ನಾನು ಇಲ್ದಿದ್ದಾಗ ನೋಡಿ.' ಹೇಳಿ, ಸೊಪ್ಪು ತರುತ್ತೇನೆಂದು ಕೆಳಗಿಳಿದು ಹೋದಳು. ಅವನೊಬ್ಬನೇ ನೋಡಲಿ ಎಂದೇ ಹೋದಳು.

ಜಯರಾಮ ಕಂಪ್ಯೂಟರಿನ ಮುಂದೆ ಕೂತ. ಪರದೆಯ ಮೇಲೆ ಚಕ್ರ ಸುತ್ತಿ ಸುತ್ತಿ ಕೊನೆಗೆ ಚಿತ್ರ ಮೂಡಿತು. ಹಸಿರು ಚೂಡಿದಾರದ ತೇಜು ಕೈಯಲ್ಲಿ ಮೈಕು ಹಿಡಿದು ನಿಂತಿದ್ದಳು. ಎಲ್ಲರಿಗೂ ತಮಿಳಿನಲ್ಲಿ ವಣಕ್ಕಂ ಹೇಳಿದಳು. ಕಾಲೇಜು ಕ್ಯಾಂಟೀನಿನ ಸಾಂಬಾರಿನ ಬಗ್ಗೆ ಏನೋ ಹಾಸ್ಯ ಮಾಡಿದಳು, ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಮನೆಯಲ್ಲಿ ನಾಲ್ಕು ಮಾತಿಗೆ ತಡವರಿಸುವ ಹುಡುಗಿ ಅಲ್ಲಿ ಹುಬ್ಬು ಕುಣಿಸಿ, ಕೈ ಬೀಸಿ, ಮಾತಿನ ಮೇಲೆ ಮಾತು ಹಾಕಿ ಆಟವಾಡುತ್ತಿದ್ದಳು. ತನ್ನ ಮಗಳಿಗೆ ಇಷ್ಟು ಮಾತು ಬರುತ್ತದೆ ಎನ್ನುವುದೇ ಅವನಿಗೆ ಗೊತ್ತಿರಲಿಲ್ಲ. ಆ ನಾನೂರು ಜನರ ಮೇಲೆ ಅವನಿಗೆ ಹೊಟ್ಟೆಕಿಚ್ಚಾಯಿತು. ಹದಿನಾಲ್ಕು ವರ್ಷ ತಾನು ನಡೆಸಿದ್ದೆಲ್ಲ ನೀರಿಗೆ ಹೋಯಿತು, ಅದನ್ನು ತೋರಿಸಲೆಂದೇ ಇದನ್ನು ಕಳಿಸಿದ್ದಾಳೆ ಎನ್ನಿಸಿತು. ಒಂದು ಹಿಡಿ ನೋಡಿಯಾಗಿತ್ತು. ಅರ್ಧ ನಿಮಿಷಕ್ಕೆ ಮುಚ್ಚಿ ಪೇಪರು ಹಿಡಿದ.

ಸೊಪ್ಪು ತಂದವಳು ಚಪ್ಪಲಿ ಬಿಡುವ ಮೊದಲೇ, 'ನೋಡಿದ್ರಾ ಅಪ್ಪ?' ಎಂದಳು.

'ನೋಡ್ದೆ.'

'ಪೂರ್ತಿನಾ?'

'ಪೂರ್ತಿ. ಚೆನ್ನಾಗಿತ್ತು.'

ಅವಳು ನಿಂತೇ ಇದ್ದಳು. ಸೊಪ್ಪಿನ ಕಟ್ಟಿನಿಂದ ನೀರು ತೊಟ್ಟಿಕ್ಕಿ ನೆಲ ಒದ್ದೆಯಾಗುತ್ತಿತ್ತು.

'ಏನೂ ಹೇಳಲ್ವಾ?'

'ಏನು ಹೇಳೋದು? ಪರೀಕ್ಷೆ ಹತ್ರ ಬಂತು, ಓದ್ಕೋ ಹೋಗು.'

ಇನ್ನೂ ಸ್ವಲ್ಪ ಹೊತ್ತು ನಿಂತು, ಸೊಪ್ಪನ್ನು ಒಳಗೆ ತೆಗೆದುಕೊಂಡು ಹೋದಳು. ಅದಾದ ಹದಿನಾರನೆಯ ದಿನ ಗಿಂಡಿ ಸ್ಟೇಷನ್ನಿನಲ್ಲಿ, ಹೊರಟುಬಿಟ್ಟಿದ್ದ ತಾಂಬರದ ರೈಲನ್ನು ಓಡಿ ಹತ್ತಲು ಹೋಗಿ ಕೈತಪ್ಪಿ ಹಳಿಗೆ ಬಿದ್ದಳು. ಆ ಹದಿನಾರು ದಿನದಲ್ಲಿ ಅವಳು ಅಪ್ಪನ ಹತ್ತಿರ ಏನೇನು ಮಾತಾಡಿದಳು ಎಂದು ಜಯರಾಮ ಎಷ್ಟು ತಲೆ ಕೆರೆದುಕೊಂಡರೂ ಒಂದೂ ನೆನಪಾಗುತ್ತಿರಲಿಲ್ಲ. ನೆನಪಿಡುವಂಥ ಮಾತು ಯಾವುದೂ ನಡೆದಿರಲಿಲ್ಲ.

ಕಯಲ್ವಿಳಿ ಬಂದುಹೋದ ಮೇಲೆ ಸರ್ವಮಂಗಳ ಗಂಡನ ಬೆನ್ನು ಹತ್ತಿದಳು. ಜಗಳವಾಡಲಿಲ್ಲ, ಕೇಳಿದಳು ಅಷ್ಟೆ. ಒಂದು ಪದವಾದರೂ ನೆನಪು ಮಾಡಿಕೊಳ್ಳಿ ಎಂದಳು. ಊಟಕ್ಕೆ ಬಡಿಸುತ್ತ ಕೇಳಿದಳು, ಶರ್ಟಿನ ಗುಂಡಿ ಹೊಲಿಯುತ್ತ ಕೇಳಿದಳು. ತಡೆಯಲಾರದೆ ಅವನು ಒಂದೊಂದು ಚೂರು ಕೊಟ್ಟ. ಅಜ್ಜಿಯ ವಿಷಯ ಹೇಳಿದಳು ಎಂದ. ಮದ್ದೂರಿನ ವಡೆ ವಿಷಯ ಹೇಳಿದಳು ಎಂದ. ಅದನ್ನೆಲ್ಲ ಅವಳು ಕಣ್ಣಿಗೊತ್ತಿಕೊಳ್ಳುವ ಹಾಗೆ ತೆಗೆದುಕೊಂಡು, ಮದ್ದೂರಿನ ತಂಗಿಗೆ ಫೋನು ಮಾಡಿ, ನಮ್ಮ ತೇಜು ನಾನೂರು ಜನರ ಮುಂದೆ ಊರಿನ ವಡೆ ವಿಷಯ ಮಾತಾಡಿದಳಂತೆ ಕಣೆ ಎಂದು ಹೇಳುವುದು ಅವನಿಗೆ ಕೇಳಿಸಿತು. ಜಯರಾಮನಿಗೆ ಅವತ್ತು ತನ್ನ ಮೇಲೇ ಅಸಹ್ಯ ಹುಟ್ಟಿತು. ಸತ್ತವಳ ಬಾಯಿಗೆ ಸುಳ್ಳು ತುರುಕುತ್ತಿದ್ದೇನೆ ಎನ್ನಿಸಿತು. ಅವಳು ನಿಜವಾಗಿ ಹೇಳಿದ್ದು ಸಿಗದಿದ್ದರೆ ತಾನು ಬದುಕಿ ಪ್ರಯೋಜನವಿಲ್ಲ ಎನ್ನಿಸಿತು.

ಅವನ ಆಫೀಸಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳಲು ತಿರುಮಲ ಎಂಬುವನಿದ್ದ. ಹೊಸೂರಿನವನು, ನಲವತ್ತು ದಾಟಿದವನು, ಮೂರು ಭಾಷೆಯಲ್ಲಿ ಮಾತಾಡಬಲ್ಲವನು. ಜಯರಾಮ ಅವನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ, ಸುತ್ತು ಬಳಸಿ ಕೇಳಿದ. ಮನೆಯ ಕಂಪ್ಯೂಟರಿನಲ್ಲಿ ಒಂದೇ ಸಲ ನೋಡಿದ ವಿಡಿಯೋವನ್ನು ಹಾಕಿದವರು ಅಳಿಸಿಬಿಟ್ಟರೆ, ಅದು ಇನ್ನು ಎಲ್ಲೂ ಇರುವುದಿಲ್ಲವೇ?

ತಿರುಮಲ ಹೇಳಿದ್ದು ಕೇಳಿ ಜಯರಾಮ ಕಾಫಿ ಲೋಟವನ್ನು ಕೆಳಗಿಟ್ಟ. ಬ್ರೌಸರು ಏನನ್ನೂ ದೂರದಿಂದ ತೋರಿಸುವುದಿಲ್ಲವಂತೆ. ಮೊದಲು ನಮ್ಮ ಮನೆಗೇ ತಂದು, ಒಂದು ಮೂಲೆಯಲ್ಲಿ ಇಟ್ಟುಕೊಂಡು, ಅಲ್ಲಿಂದ ತೋರಿಸುತ್ತದೆ. ತಾತ್ಕಾಲಿಕ ಎಂದು ಹೆಸರಿಟ್ಟು ಬಚ್ಚಿಟ್ಟಿರುತ್ತದೆ, ಆದರೆ ಜಾಗ ಸಾಲದೆ ಬರುವವರೆಗೆ ಎಸೆಯುವುದಿಲ್ಲ. ಮಾರ್ಚಿನಿಂದ ಕಂಪ್ಯೂಟರು ಹಚ್ಚಿಯೇ ಇಲ್ಲ, ಮೇಲೆ ಬಟ್ಟೆ ಮುಚ್ಚಿದೆ ಎಂದು ಜಯರಾಮ ಹೇಳಿದ. ಹಾಗಾದರೆ ಹಚ್ಚಲೇಬೇಡಿ, ಹೊಸದು ಬಂದರೆ ಹಳೆಯದನ್ನು ತಳ್ಳಿಬಿಡುತ್ತದೆ, ಭಾನುವಾರ ನಾನೇ ಬರುತ್ತೇನೆ ಎಂದ ತಿರುಮಲ. ಆಮೇಲೆ ಏನೋ ನೆನಪಾಗಿ, ಎಷ್ಟು ಹೊತ್ತು ನೋಡಿದಿರಿ ಸಾರ್ ಎಂದು ಕೇಳಿದ.

ಯಾರಿಗೂ ಹೇಳದಿದ್ದುದನ್ನು ಜಯರಾಮ ಅಲ್ಲಿ, ಎಂಜಲು ತಟ್ಟೆಗಳ ಸದ್ದಿನ ನಡುವೆ, ಮೊದಲ ಸಲ ಹೇಳಿದ. 'ಅರ್ಧ ನಿಮಿಷ. ನಮ್ಮನೆಯವಳಿಗೆ ಗೊತ್ತಿಲ್ಲ.'

ತಿರುಮಲ ತನ್ನ ಲೋಟವನ್ನು ಪಕ್ಕಕ್ಕೆ ಸರಿಸಿದ. 'ಸಾರ್, ನೀವು ಕ್ಲೋಸ್ ಮಾಡಿದ ತಕ್ಷಣ ಅದು ಬರೋದೂ ನಿಂತೋಗತ್ತೆ. ಎಷ್ಟು ಬಂದಿತ್ತೋ ಅಷ್ಟೇ. ಆದ್ರೆ ಕೆಲವು ಸಲ ನಾವು ನೋಡ್ತಿರೋದಕ್ಕಿಂತ ಮುಂದೆ ಓಡಿರತ್ತೆ. ಲೈನ್ ಚೆನ್ನಾಗಿದ್ರೆ ಪೂರ್ತಿನೂ ಬಂದಿರಬಹುದು. ನೋಡೋಣ.'

ಪೂರ್ತಿನೂ ಬಂದಿರಬಹುದು ಎಂಬ ಆ ಒಂದು ಮಾತನ್ನು ಹಿಡಿದುಕೊಂಡು ಜಯರಾಮ ಐದು ದಿನ ಬದುಕಿದ. ಚಿತ್ರದ ಕೆಳಗೆ ಒಂದು ಬೂದು ಪಟ್ಟಿ ಮುಂದೆ ಮುಂದೆ ಸರಿಯುತ್ತಿದ್ದುದು ಅವನಿಗೆ ನೆನಪಿತ್ತು. ಎಲ್ಲಿಯವರೆಗೆ ಸರಿದಿತ್ತು ಎನ್ನುವುದು ನೆನಪಿರಲಿಲ್ಲ. ಲ್ಯಾಬಿನಲ್ಲಿ ಸಿಮೆಂಟು ಜರಡಿ ಹಿಡಿಯುವಾಗ ಆ ಪಟ್ಟಿ ಕಣ್ಣಿಗೆ ಕಟ್ಟುತ್ತಿತ್ತು. ಒಂದು ಸಲ ತುದಿ ಮುಟ್ಟಿತ್ತು ಎನ್ನಿಸುತ್ತಿತ್ತು, ಇನ್ನೊಂದು ಸಲ ಅರ್ಧವೂ ಇರಲಿಲ್ಲ ಎನ್ನಿಸುತ್ತಿತ್ತು. ದೇವರನ್ನು ನಂಬದವನು ಕಪಾಲೀಶ್ವರನಿಗೆ ಹರಕೆ ಹೊತ್ತ.

ಭಾನುವಾರ ಮಧ್ಯಾಹ್ನ ತಿರುಮಲ ಬರುವ ಹೊತ್ತಿಗೆ ಹೆಂಡತಿಯನ್ನು ದೇವಸ್ಥಾನಕ್ಕೆ ಕಳಿಸಬೇಕು, ತಾನು ಮೊದಲು ಒಬ್ಬನೇ ನೋಡಬೇಕು ಎಂದು ಜಯರಾಮ ಯೋಚಿಸಿದ್ದ. ನನ್ನ ಮಗಳು ಇಲ್ಲಿ ಸಿಗುತ್ತಾಳೆ ಎನ್ನುತ್ತಿದ್ದೀರಿ, ನನಗೆ ದೇವಸ್ಥಾನದಲ್ಲಿ ಏನು ಕೆಲಸ ಎಂದು ಅವಳು ಸ್ಟೂಲು ಎಳೆದುಕೊಂಡು ಹಿಂದೆಯೇ ಕೂತಳು.

ತಿರುಮಲ ಬಟ್ಟೆ ಸರಿಸಿ, ಇಂಟರ್‌ನೆಟ್ ಬರದ ಹಾಗೆ ಟೆಲಿಫೋನಿನ ತಂತಿ ಕಿತ್ತಿಟ್ಟು, ಆಮೇಲೆ ಕಂಪ್ಯೂಟರು ಹಚ್ಚಿದ. ಎಲ್ಲೆಲ್ಲೋ ಒತ್ತಿ ಮರೆಯಾಗಿದ್ದ ಫೋಲ್ಡರುಗಳನ್ನು ಹೊರಗೆಳೆದ. ಅವುಗಳ ಹೆಸರು ತಲೆಬುಡವಿಲ್ಲದ ಎಂಟೆಂಟು ಅಕ್ಷರ. ಒಳಗೆ ಸಾವಿರಗಟ್ಟಲೆ ಚೂರುಪಾರು. ರೈಲಿನ ವೇಳಾಪಟ್ಟಿ, ಕ್ರಿಕೆಟ್ ಸ್ಕೋರು, ಯಾವುದೋ ಸೀರೆಯ ಚಿತ್ರ, ಪರೀಕ್ಷೆಯ ಫಲಿತಾಂಶದ ಪುಟ. ಆ ಮನೆಯವರು ಮೂರು ತಿಂಗಳ ಹಿಂದೆ ಏನೇನು ನೋಡಿದ್ದರೋ ಅದೆಲ್ಲ ಹರಿದು ಚಿಂದಿಯಾಗಿ ಅಲ್ಲಿ ಬಿದ್ದಿತ್ತು.

ನಡುವೆ ಒಂದು ಕಡೆ ತಿರುಮಲನ ಕೈ ನಿಂತಿತು. ಫೆಬ್ರವರಿ ತಿಂಗಳಿನವು, ಯಾವುದೋ ಕನ್ನಡ ನಿಘಂಟಿನ ಪುಟಗಳು, ಹನ್ನೊಂದು ಇದ್ದವು. ಒಂದೊಂದಾಗಿ ತೆರೆದ. ತೇಜು ಇಂಗ್ಲಿಷ್ ಪದ ಕೊಟ್ಟು ಕನ್ನಡ ಪದ ಹುಡುಕಿದ್ದಳು. ಸಂಕೋಚ. ಹಗುರ. ಮುನಿಸು. ಅಂಗಳ. ಸರ್ವಮಂಗಳ ಒಂದೊಂದು ಪದವನ್ನೂ ಬಾಯಿಬಿಟ್ಟು ಓದಿದಳು. ಜಯರಾಮ ಮನಸ್ಸಿನಲ್ಲೇ ಅವನ್ನು ಹಿಂದುಮುಂದು ಮಾಡಿ ಜೋಡಿಸಿ ನೋಡಿದ. ಸಂಕೋಚಕ್ಕೂ ಅಂಗಳಕ್ಕೂ ಏನು ಸಂಬಂಧ, ಯಾರ ಮುನಿಸು, ಯಾವುದು ಹಗುರವಾಗಬೇಕಿತ್ತು, ಒಂದೂ ಹೊಂದಿ ಬರಲಿಲ್ಲ. ಅವನಿಗೆ ತಿಳಿದದ್ದು ಇಷ್ಟೇ. ತಾನು ಪಕ್ಕದ ಕೋಣೆಯಲ್ಲಿ ಪೇಪರು ಓದುತ್ತ ಕೂತಿದ್ದಾಗ ಹುಡುಗಿ ತನ್ನನ್ನು ಕೇಳದೆ, ಕೇಳಲು ಹೆದರಿ, ಇಲ್ಲಿ ಒಂದೊಂದೇ ಪದ ಆಯ್ದುಕೊಂಡು ಕೂತಿತ್ತು.

ಆಮೇಲೆ ತಿರುಮಲ ಎಲ್ಲ ಚೂರುಗಳನ್ನೂ ದೊಡ್ಡದು ಮೇಲೆ ಸಣ್ಣದು ಕೆಳಗೆ ಬರುವ ಹಾಗೆ ಜೋಡಿಸಿದ. ಮೇಲಿನದರ ತಾರೀಕು ಫೆಬ್ರವರಿ ಇಪ್ಪತ್ತೈದು. ಹೆಸರಿಗೆ ಅರ್ಥವಿರಲಿಲ್ಲ, ತುದಿಯಲ್ಲಿ ವಿಡಿಯೋ ಎಂದು ಗುರುತಿಸುವ ಅಕ್ಷರಗಳೂ ಇರಲಿಲ್ಲ. ಇದೇ ಎಂದ ತಿರುಮಲ. ಅಷ್ಟರಲ್ಲಿ ಅದರ ಅಳತೆಯ ಮೇಲೆ ಅವನ ಕಣ್ಣು ಬಿತ್ತು. ನಾಲ್ಕು ನಿಮಿಷದ ವಿಡಿಯೋ ಎಷ್ಟು ದೊಡ್ಡದಿರಬೇಕು ಎಂದು ಅವನಿಗೆ ಗೊತ್ತಿತ್ತು. ಅವನು ಜಯರಾಮನ ಮುಖ ನೋಡಲಿಲ್ಲ. ಫೈಲನ್ನು ಹೊರಗೆ ತೆಗೆದು, ಹೆಸರು ಸರಿಮಾಡಿ, ತಾನು ತಂದಿದ್ದ ಸೀಡಿಯಿಂದ ಅದನ್ನು ತೋರಿಸುವ ಪ್ರೋಗ್ರಾಮು ಹಾಕಿದ. ಕೊನೆಗೆ ಸರ್ವಮಂಗಳಳ ಕಡೆ ತಿರುಗಿ, 'ಅಮ್ಮ, ಹಳೇದಾಯ್ತಲ್ಲ, ಮುಂದಿನದು ಅಳಿಸೋಗಿದೆ. ಐವತ್ತೆರಡು ಸೆಕೆಂಡು ಉಳ್ಕೊಂಡಿದೆ' ಎಂದ.

ಅದು ಸುಳ್ಳು. ಜಯರಾಮನಿಗಾಗಿ ಅವನು ಹೇಳಿದ ಸುಳ್ಳು. ಕಾಫಿಯನ್ನು ನಿಂತೇ ಕುಡಿದು, ಬರುತ್ತೇನೆ ಸಾರ್ ಎಂದು ಹೊರಟುಹೋದ.

ಗಂಡ ಹೆಂಡತಿ ಇಬ್ಬರೇ ಉಳಿದರು. ಜಯರಾಮ ಒತ್ತಿದ. ಹಸಿರು ಚೂಡಿದಾರದ ತೇಜು ಬಂದು ನಿಂತಳು. ಸರ್ವಮಂಗಳ ಸ್ಟೂಲನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. ವಣಕ್ಕಂ, ಕ್ಯಾಂಟೀನು, ಸಾಂಬಾರು, ನಗು. ಅಲ್ಲಿಯವರೆಗಿನದು ಜಯರಾಮನಿಗೆ ಗೊತ್ತಿದ್ದದ್ದು. ಅಲ್ಲಿಂದ ಮುಂದೆ ಅವನು ನೋಡದಿದ್ದದ್ದು ಶುರುವಾಯಿತು. ಸಭೆಯ ನಗು ಅಡಗಿತು. ತೇಜು ಮೈಕನ್ನು ಬಲಗೈಯಿಂದ ಎಡಗೈಗೆ ಬದಲಿಸಿ, ಬೆವೆತ ಅಂಗೈಯನ್ನು ದುಪಟ್ಟಾಕ್ಕೆ ಒರೆಸಿಕೊಂಡಳು. ಮುಖದ ಮೇಲಿದ್ದ ಆಟ ಹೋಯಿತು. ನೇರವಾಗಿ ಕ್ಯಾಮೆರಾ ನೋಡುತ್ತ ತಮಿಳಿನಲ್ಲಿ ಹೇಳಿದಳು.

'ಇನಿಮೇ ನಾನ್ ಸೊಲ್ಲಪ್ಪೋರದು ಉಂಗಳುಕ್ಕು ಪುರಿಯಾದು. ಎಂಗ ಅಪ್ಪಾವುಕ್ಕು ಮಟ್ಟುಂ ಪುರಿಯುಂ.'

ಇನ್ನು ಮೇಲೆ ನಾನು ಹೇಳುವುದು ನಿಮಗೆ ಅರ್ಥವಾಗುವುದಿಲ್ಲ, ನಮ್ಮ ಅಪ್ಪನಿಗೆ ಮಾತ್ರ ಅರ್ಥವಾಗುತ್ತದೆ. ಅಷ್ಟು ಹೇಳಿ ಉಸಿರೆಳೆದುಕೊಂಡಳು. ತುಟಿ 'ಅ' ಎನ್ನುವ ಹಾಗೆ ತೆರೆಯಿತು. ಚಿತ್ರ ಅಲ್ಲಿಗೇ ನಿಂತುಹೋಯಿತು.

ಅವನು ಇನ್ನು ಇಪ್ಪತ್ತೆರಡು ಸೆಕೆಂಡು ತಾಳ್ಮೆಯಿಂದ ಕೂತಿದ್ದರೆ ಸಾಕಿತ್ತು. ಆ ಮಾತು ಕಿವಿಗೆ ಬಿದ್ದಿದ್ದರೆ ಯಾವ ಅಪ್ಪ ಮುಚ್ಚುತ್ತಿದ್ದ? ಕೂತು ಕೇಳುತ್ತಿದ್ದ, ಪಟ್ಟಿ ತುದಿ ಮುಟ್ಟುತ್ತಿತ್ತು, ಮಾತು ಕಿವಿಯಲ್ಲೂ ಇರುತ್ತಿತ್ತು, ಈ ಪೆಟ್ಟಿಗೆಯಲ್ಲೂ ಇರುತ್ತಿತ್ತು.

ಸರ್ವಮಂಗಳ ಇನ್ನೊಂದು ಸಲ ಹಾಕಿ ಎಂದಳು. ಹಾಕಿದ. ಮತ್ತೆ ಎಂದಳು. ನಾಲ್ಕು ಸಲ ಆಯಿತು. ನಾಲ್ಕು ಸಲವೂ ಮಗಳು ಬಾಯಿ ತೆರೆದು ಅಲ್ಲೇ ನಿಂತಳು. ಐದನೆಯ ಸಲ ಅವಳು ಕೇಳಲಿಲ್ಲ. ಕೈಯನ್ನು ಮಡಿಲಲ್ಲಿಟ್ಟುಕೊಂಡು ನಿಧಾನವಾಗಿ ಮಾತಾಡಿದಳು.

'ನಿಮಗೆ ಪೂರ್ತಿ ನೆನಪಿಲ್ದಿದ್ರೆ ಬೇಡ. ಇನ್ನು ಕೇಳಲ್ಲ. ಒಂದೇ ಒಂದು ಹೇಳಿಬಿಡಿ. ಆವತ್ತು ಸಾಯಂಕಾಲ ಅವ್ಳು ಮದ್ದೂರಿಗೆ ಫೋನ್ ಮಾಡಿದ್ಲು. ಅಪ್ಪ ಪೂರ್ತಿ ನೋಡಿದ್ರಂತೆ ಅಮ್ಮ, ಏನೂ ಹೇಳ್ಲಿಲ್ಲ, ನನ್ನ ಕನ್ನಡದಲ್ಲಿ ತುಂಬ ತಪ್ಪಿತ್ತೇನೋ ಅಂದ್ಲು. ಏನು ಮಾತಾಡ್ದೆ ಅಂತ ಕೇಳಿದ್ರೆ, ನೀನೇ ಬಂದು ನೋಡು, ಬಂದ್ಮೇಲೆ ತಪ್ಪಿತ್ತಾ ಅಂತ ಅಪ್ಪನ್ನ ಮೆಲ್ಲಗೆ ಕೇಳು ಅಂದ್ಲು. ನಾನು ಬಂದಾಗ ಕೇಳೋ ಹಾಗಿರ್ಲಿಲ್ಲ. ಈಗ ಕೇಳ್ತಿದೀನಿ. ತಪ್ಪಿತ್ತಾ?'

ನಿಜ ಜಯರಾಮನ ನಾಲಿಗೆಯ ತುದಿಗೆ ಬಂದಿತ್ತು. ನಾನು ನೋಡಲೇ ಇಲ್ಲ ಮಂಗಳ ಎಂದರೆ ಮುಗಿಯುತ್ತಿತ್ತು. ಆದರೆ ಹೆಂಡತಿಯ ಮುಖ ನೋಡಿದ. ಮೂರು ತಿಂಗಳಿಂದ ಮಗಳ ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ ಮುಖ ಅದು. ಅದರ ಮುಂದೆ ನಿಜ ಹೇಳುವ ಧೈರ್ಯ ಅವನಿಗೆ ಬರಲಿಲ್ಲ.

'ಇಲ್ಲ' ಎಂದ. 'ಒಂದೂ ತಪ್ಪಿರ್ಲಿಲ್ಲ.'

ಸರ್ವಮಂಗಳ ದೊಡ್ಡದಾಗಿ ಉಸಿರು ಬಿಟ್ಟಳು. ಸೆರಗಿನಿಂದ ಕಣ್ಣು, ಮೂಗು, ಗಲ್ಲ ಎಲ್ಲ ಒರೆಸಿಕೊಂಡಳು. ಪರದೆಯ ಮೇಲಿದ್ದ ಮಗಳನ್ನು ನೋಡಿ ತಲೆಯಾಡಿಸಿದಳು. ಒಂದು ಗಳಿಗೆ ಅವಳಿಗೆ ಸಮಾಧಾನವಾದಂತೆ ಕಂಡಿತು. ಆಮೇಲೆ ಏನೋ ತಿಳಿಯದವಳ ಹಾಗೆ ಗಂಡನ ಕಡೆ ತಿರುಗಿದಳು.

'ಮತ್ತೆ ಅಷ್ಟನ್ನ ಅವಳಿಗೆ ಯಾಕೆ ಹೇಳ್ಲಿಲ್ಲ ನೀವು?'